ಪ್ರಥಮ ಪಿಯುಸಿಯಲ್ಲೇ ಶುರುವಾಗಲಿ ಪದವಿ ಪ್ರವೇಶದ ತಯಾರಿ

ಸಾಧಾರಣ ಅಂಕ ಪಡೆಯುವ ಮಕ್ಕಳ ತಂದೆ-ತಾಯಂದಿರಿಗೆ ನಮ್ಮ ಶಿಕ್ಷಣ ಸಮಿತಿಯಿಂದ



ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನ ಶೇ. 95 ತೆಗೆದವರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಮೊಹಲ್ಲಾದಲ್ಲಿ ಅವರಿಗೆ ಸನ್ಮಾನ ನಡೆಯುತ್ತದೆ, ನಡೆಯಲೇಬೇಕು. ಅನುತ್ತೀರ್ಣರಾದವರಿಗೆ ಮರುಪರೀಕ್ಷೆಯ ತರಗತಿಗಳು ಏರ್ಪಾಡಾಗುತ್ತವೆ, ಅದೂ ಅಗತ್ಯವೇ. ಇವೆರಡರ ನಡುವೆ ಶೇ. 50ರಿಂದ 65ರವರೆಗೆ ಅಂಕ ತೆಗೆದು ಪಾಸಾದ ಮಕ್ಕಳ ದೊಡ್ಡ ಗುಂಪೊಂದಿದೆ. ಅವರನ್ನು ಯಾರೂ ವಿಚಾರಿಸುವುದಿಲ್ಲ. "ಪಾಸಾಯಿತಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆಮೇಲೆ ಗೆಳೆಯ ಸೇರಿದ ಕಾಲೇಜಿಗೆ ಮಗನೂ ಸೇರುತ್ತಾನೆ, ಇಲ್ಲವೇ ಅಂಗಡಿಯಲ್ಲಿ ಕೂರುತ್ತಾನೆ. ಮಗಳಾದರೆ "ಮುಂದಿನ ವರ್ಷ ನೋಡೋಣ" ಎಂಬ ಮಾತಿನಲ್ಲಿ ಓದು ನಿಂತುಹೋಗುತ್ತದೆ.

ನಮ್ಮ ಟ್ರಸ್ಟಿಗೆ ಬರುವ ಅರ್ಜಿಗಳಲ್ಲಿ ಬಹುಪಾಲು ಇಂಥ ಮಕ್ಕಳವೇ. ಅವುಗಳನ್ನು ಪರಿಶೀಲಿಸುವಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಸಂಗತಿ ಒಂದಿದೆ. ಅಂಕ ಸಾಲದೆ ಅವಕಾಶ ತಪ್ಪುವುದು ಒಂದು ಕಡೆಯಾದರೆ, ಅಂಕ ಸಾಕಾಗಿದ್ದೂ ಪ್ರಮಾಣಪತ್ರ ಇಲ್ಲದೆ, ಅರ್ಜಿಯ ದಿನ ತಿಳಿಯದೆ, ಬೇಕಾದ ವಿಷಯ ಓದಿರದೆ ತಪ್ಪುವುದು ಇನ್ನೊಂದು ಕಡೆ. ಎರಡನೆಯದನ್ನು ತಡೆಯುವುದು ತಂದೆ-ತಾಯಿಯ ಕೈಯಲ್ಲಿದೆ. ಅದಕ್ಕೆ ಅವರು ಹೆಚ್ಚು ಓದಿರಬೇಕೆಂದೇನೂ ಇಲ್ಲ, ಒಂದು ವರ್ಷ ಮುಂಚೆ ಶುರುಮಾಡಿದರೆ ಸಾಕು. ಶೇ. 95ರವರಿಗೆ ತಡವಾದರೂ ಬಾಗಿಲು ತೆರೆದಿರುತ್ತದೆ. ಶೇ. 55ರವರಿಗೆ ತಡವಾದರೆ ಹಣ ಕೊಟ್ಟು ತೆರೆಸುವ ಬಾಗಿಲು ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಬರಹ ಮುಖ್ಯವಾಗಿ ಈಗ ಪ್ರಥಮ ಪಿಯುಸಿಯಲ್ಲಿರುವ ಮಕ್ಕಳ ಮನೆಗಳಿಗೆ.

1. ಒಟ್ಟು ಶೇಕಡಾ ಬಿಟ್ಟು ವಿಷಯವಾರು ಅಂಕ ನೋಡಿ

"ಶೇ. 58" ಎಂಬ ಒಂದು ಸಂಖ್ಯೆ ಹೆಚ್ಚೇನನ್ನೂ ಹೇಳುವುದಿಲ್ಲ. ಭಾಷೆಗಳಲ್ಲಿ 75, ಜೀವಶಾಸ್ತ್ರದಲ್ಲಿ 65, ಗಣಿತದಲ್ಲಿ 36 ಪಡೆದ ಮಗುವಿನ ಶೇ. 58 ಬೇರೆ, ಎಲ್ಲ ವಿಷಯಗಳಲ್ಲೂ 55ರಿಂದ 60ರ ನಡುವೆ ಇರುವ ಮಗುವಿನ ಶೇ. 58 ಬೇರೆ. ಮೊದಲನೆಯವಳನ್ನು ಎಂಜಿನಿಯರಿಂಗ್‌ಗೆ ತಳ್ಳುವುದು ಅನ್ಯಾಯ. ನರ್ಸಿಂಗ್ ಅಥವಾ ಫಾರ್ಮಸಿಯಲ್ಲಿ ಅವಳಿಗೆ ಒಳ್ಳೆಯ ಭವಿಷ್ಯವಿದೆ. ಎರಡನೆಯವನಿಗೆ ಯಾವುದೋ ಒಂದು ವಿಷಯ ಕಷ್ಟ ಎಂದಲ್ಲ, ಓದುವ ಕ್ರಮವೇ ಕೂಡಿಬಂದಿಲ್ಲ, ಅದನ್ನು ಸರಿಪಡಿಸಬಹುದು.

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ತಂದೆಯೋ ತಾಯಿಯೋ ಕಾಲೇಜಿಗೆ ಹೋಗಿ ಉಪನ್ಯಾಸಕರನ್ನು ಕಾಣಬೇಕು. ಮೂರೇ ಪ್ರಶ್ನೆ ಕೇಳಿದರೆ ಸಾಕು. ಹಾಜರಾತಿ ಎಷ್ಟಿದೆ? ಯಾವ ವಿಷಯದ ಯಾವ ಪಾಠಗಳಲ್ಲಿ ಹಿಂದೆ ಬಿದ್ದಿದ್ದಾನೆ? ಪ್ರಾಯೋಗಿಕ ತರಗತಿಗೆ ಬರುತ್ತಿದ್ದಾನೆಯೇ? ಹಾಜರಾತಿ ಶೇ. 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ ಮೀಸಲು. ಪ್ರಾಯೋಗಿಕ ಇಲ್ಲದ ವಿಷಯಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಇವು ತಪ್ಪದೆ ತರಗತಿಗೆ ಬರುವವರಿಗೆ ಸಿಗುವ ಅಂಕಗಳು. ಸಾಧಾರಣ ವಿದ್ಯಾರ್ಥಿ ಇವುಗಳಲ್ಲಿ ಒಂದನ್ನೂ ಕಳೆದುಕೊಳ್ಳಬಾರದು.

2. ಪ್ರಥಮ ಪಿಯುಸಿ ಪಾಠಗಳನ್ನು ಕಡೆಗಣಿಸಬೇಡಿ

"ಪ್ರಥಮ ಪಿಯುಸಿ ಅಂಕ ಎಲ್ಲಿಯೂ ಲೆಕ್ಕಕ್ಕಿಲ್ಲ" ಎಂದು ಮಕ್ಕಳು ಹೇಳುವುದುಂಟು. ಅರ್ಧ ನಿಜ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆಸಿಇಟಿಯಲ್ಲಿ ಎರಡೂ ವರ್ಷದ ಪಾಠಗಳಿಂದ ಪ್ರಶ್ನೆಗಳು ಬರುತ್ತವೆ. ಈ ವರ್ಷ ಬಿಟ್ಟ ಅಧ್ಯಾಯ ಮುಂದಿನ ವರ್ಷ ಸಾಲವಾಗಿ ಎದುರು ನಿಲ್ಲುತ್ತದೆ.

ಎಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕವನ್ನು ಪ್ರತಿ ಮನೆಯಲ್ಲೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರ ಪಿಯುಸಿ ಅಂಕಕ್ಕೆ ಅರ್ಧ ತೂಕ, ಕೆಸಿಇಟಿ ಅಂಕಕ್ಕೆ ಅರ್ಧ ತೂಕ. ಪಿಯುಸಿಯಲ್ಲಿ ಈ ಮೂರೂ ಸೇರಿ 300 ಅಂಕ. ಕೆಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180 ಅಂಕ. ಒಬ್ಬ ಹುಡುಗ ಪಿಯುಸಿಯಲ್ಲಿ 180, ಕೆಸಿಇಟಿಯಲ್ಲಿ 72 ಪಡೆದ ಎನ್ನಿ. ಅಂದರೆ ಶೇ. 60 ಮತ್ತು ಶೇ. 40, ಸರಾಸರಿ 50. ಈಗ ಗಮನಿಸಿ: ಕೆಸಿಇಟಿಯಲ್ಲಿ ಹೆಚ್ಚಿಗೆ ಬಂದ 3 ಅಂಕ, ಪಿಯುಸಿಯಲ್ಲಿ ಹೆಚ್ಚಿಗೆ ಬಂದ 5 ಅಂಕಕ್ಕೆ ಸಮ. ಕೆಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಹಾಗಿರುವಾಗ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದು. 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸುವ ಅಭ್ಯಾಸವನ್ನು ಭಾನುವಾರಕ್ಕೊಂದರಂತೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮನೆಯಲ್ಲೇ ಮಾಡಿಸಬಹುದು. ಗಡಿಯಾರ ನೋಡಿಕೊಳ್ಳಲು ಎಂಜಿನಿಯರಿಂಗ್ ಓದಿರಬೇಕಿಲ್ಲ, ತಾಯಿಯೇ ಸಾಕು.

ಇನ್ನೊಂದು ಸಮಾಧಾನದ ಸಂಗತಿ. ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚಿನ ಅಂಕವೇ ಉಳಿಯುತ್ತದೆ. ಒಂದು ವಿಷಯದಲ್ಲಿ ಎಡವಿದ ಮಗುವನ್ನು "ಇನ್ನು ಓದು ಸಾಕು" ಎಂದು ಕೂಡಿಸಬೇಡಿ.

3. ದಾರಿಗಳು ಎರಡಲ್ಲ, ಹತ್ತಾರು

ನಮ್ಮ ಮನೆಗಳಲ್ಲಿ ಡಾಕ್ಟರ್ ಅಥವಾ ಎಂಜಿನಿಯರ್, ಅದಾಗದಿದ್ದರೆ ಏನಾದರೊಂದು ಎಂಬ ಮಾತು ಈಗಲೂ ಕೇಳಿಬರುತ್ತದೆ. ಆ "ಏನಾದರೊಂದು" ಏನೆಂದು ಈ ವರ್ಷವೇ ಹೆಸರಿಡಿದು ಹೇಳಿಕೊಳ್ಳಬೇಕು.

ವಿಜ್ಞಾನ ಓದುತ್ತಿರುವವರಿಗೆ: ಎಂಜಿನಿಯರಿಂಗ್‌ಗೆ ಗಣಿತ ಬೇಕೇ ಬೇಕು. ಸಾಮಾನ್ಯ ವರ್ಗಕ್ಕೆ ಆ ಮೂರು ವಿಷಯಗಳಲ್ಲಿ ಒಟ್ಟು ಶೇ. 45, ಪ್ರವರ್ಗ 2ಬಿ ಸೇರಿದಂತೆ ಮೀಸಲು ವರ್ಗಗಳಿಗೆ ಶೇ. 40 ಕನಿಷ್ಠ ಅರ್ಹತೆ. ಬಿ.ಫಾರ್ಮಾಕ್ಕೆ ಗಣಿತದ ಬದಲು ಜೀವಶಾಸ್ತ್ರವಿದ್ದರೂ ನಡೆಯುತ್ತದೆ. ಬಿ.ಎಸ್ಸಿ. ನರ್ಸಿಂಗ್‌ಗೆ ಜೀವಶಾಸ್ತ್ರ ಕಡ್ಡಾಯ. ಪಿಯುಸಿ ವಿಜ್ಞಾನ ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಪ್ರವೇಶವಿದೆ. ದಾರಿ ಸ್ವಲ್ಪ ಸುತ್ತು, ಆದರೆ ಕೈಗೆ ಕೆಲಸ ಹತ್ತಿದ ಮೇಲೆ ಅದೇ ಹುಡುಗ ಪಾಠವನ್ನೂ ಚೆನ್ನಾಗಿ ಹಿಡಿಯುತ್ತಾನೆ.

ವಾಣಿಜ್ಯ ಓದುತ್ತಿರುವವರಿಗೆ: ಬಿ.ಕಾಂ., ಬಿಬಿಎ ಜೊತೆಗೆ ಸಿಎ ಫೌಂಡೇಶನ್ ಕೂಡ ಇದೆ. ಅದಕ್ಕೆ ಪಿಯುಸಿ ಅಂಕದ ಮಿತಿಯಿಲ್ಲ. ನಾಲ್ಕು ಪತ್ರಿಕೆಗಳಲ್ಲಿ ಪ್ರತಿಯೊಂದರಲ್ಲೂ ಶೇ. 40, ಒಟ್ಟಾರೆ ಶೇ. 50 ತೆಗೆದರೆ ಪಾಸು. ಕಠಿಣ ಪರೀಕ್ಷೆ, ಆದರೆ ಕೂರುವ ಹಕ್ಕು ಸಾಧಾರಣ ಅಂಕದವರಿಗೂ ಇದೆ. ಅಂಗಡಿ ಲೆಕ್ಕ ನೋಡಿ ಬೆಳೆದ ಮಕ್ಕಳಿಗೆ ಇದು ಅಪರಿಚಿತ ಲೋಕವಲ್ಲ.

ಕಲಾ ವಿಭಾಗದವರಿಗೆ: ಪಿಯುಸಿ ನಂತರದ ಐದು ವರ್ಷದ ಕಾನೂನು ಪದವಿ, ಬಿ.ಎ. ಮುಗಿಸಿ ಬಿ.ಎಡ್., ಸ್ಪರ್ಧಾತ್ಮಕ ಪರೀಕ್ಷೆಗಳು. ಬಿ.ಎಡ್.ಗೆ ಸಾಮಾನ್ಯವಾಗಿ ಪದವಿಯಲ್ಲಿ ಶೇ. 50 ಬೇಕು. ಶಿಕ್ಷಕಿಯಾಗಬೇಕೆಂಬ ಮಗಳು ಮೊದಲ ಸೆಮಿಸ್ಟರ್‌ನಿಂದಲೇ ಈ ಗೆರೆ ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳೂ ಇದ್ದರೆ ಅವರಿಗಾಗಿ ಒಂದು ಮಾತು: ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳ ಡಿಪ್ಲೊಮಾ, ಪ್ಯಾರಾಮೆಡಿಕಲ್ ಡಿಪ್ಲೊಮಾ, ಉರ್ದು ಮಾಧ್ಯಮದವರಿಗೆ ಬೆಂಗಳೂರಿನಲ್ಲಿರುವ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್, ಇವೆಲ್ಲ ಹತ್ತನೇ ತರಗತಿಯ ನಂತರವೇ ಸಿಗುವ ಅವಕಾಶಗಳು.

4. ಕಾಗದಪತ್ರ: ಅಂಕಕ್ಕಿಂತ ಮೊದಲು ಸರಿಯಾಗಬೇಕಾದದ್ದು

ಕೆಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲಿ ಬರುತ್ತದೆ. ಆಗ ನಾಡಕಚೇರಿಗೆ ಓಡಿದರೆ ಮಗುವಿನ ಓದಿನ ದಿನಗಳು ಸರದಿ ಸಾಲಿನಲ್ಲಿ ಕಳೆಯುತ್ತವೆ. ಪ್ರಥಮ ಪಿಯುಸಿಯ ಬೇಸಿಗೆ ರಜೆಯಲ್ಲೇ ಈ ಕೆಲಸ ಮುಗಿಸಿ:

• ಹೆಸರು. ಆಧಾರ್‌ನಲ್ಲಿ "ಮೊಹಮ್ಮದ್", ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಎಂಡಿ", ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಬಗೆ. ನಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಕಾಣುವ ತೊಡಕು ಇದೇ. ಎಲ್ಲವನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ತಂದೆ-ತಾಯಿಯ ಹೆಸರಿನ ಅಕ್ಷರಗಳನ್ನೂ ನೋಡಿ.

• ಜಾತಿ ಮತ್ತು ಆದಾಯ ಪ್ರಮಾಣಪತ್ರ. ಮುಸ್ಲಿಮರಿಗೆ ಪ್ರವರ್ಗ 2ಬಿ ಅಡಿ ಶೇ. 4 ಮೀಸಲಾತಿ ಇದೆ. ಪಿಂಜಾರ, ನದಾಫ್ ಮುಂತಾದ ಸಮುದಾಯಗಳು ಪ್ರವರ್ಗ 1ರಲ್ಲಿವೆ. ಅವರು 2ಬಿ ಎಂದು ಬರೆಸಿಕೊಂಡರೆ ತಮಗಿರುವ ಸೌಲಭ್ಯ ಬಿಟ್ಟಂತೆ. ಪ್ರಮಾಣಪತ್ರ ಮಗುವಿನ ಹೆಸರಿನಲ್ಲಿರಲಿ, ಅದರ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಅವಧಿ ಮುಗಿದಿದೆಯೇ ನೋಡಿ.

• ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5 ಮೀಸಲಾತಿ ಇದೆ. ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಶಾಲೆ ಬದಲಿಸಿದ ಮಕ್ಕಳಿಗೆ ಎರಡು ಮೂರು ಕಡೆ ಓಡಾಟ ತಪ್ಪದು.

• ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು 371(ಜೆ) ಅರ್ಹತಾ ಪ್ರಮಾಣಪತ್ರವನ್ನೂ ಮಾಡಿಸಿಕೊಳ್ಳಬೇಕು.

• ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಇದಿಲ್ಲದಿದ್ದರೆ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮಂಜೂರಾದ ವಿದ್ಯಾರ್ಥಿವೇತನವೂ ಕೈಗೆ ಬರುವುದಿಲ್ಲ.

5. ಖರ್ಚನ್ನು ಮೊದಲೇ ಕೂಡಿ ನೋಡಿ

ಶುಲ್ಕವನ್ನಷ್ಟೇ ಕೇಳಿಕೊಂಡು ಬರಬೇಡಿ. ಹಾಸ್ಟೆಲ್, ಬಸ್ಸು, ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ ಎಲ್ಲವನ್ನೂ ಪೂರ್ತಿ ಕೋರ್ಸಿನ ಅವಧಿಗೆ ಲೆಕ್ಕ ಹಾಕಿ. ಮೊದಲ ವರ್ಷಕ್ಕೆ ಚಿನ್ನ ಅಡವಿಟ್ಟು, ಎರಡನೇ ವರ್ಷ ಓದು ಬಿಡಿಸುವುದಕ್ಕಿಂತ ಕೊನೆಯವರೆಗೂ ನಿಭಾಯಿಸಬಲ್ಲ ಕಾಲೇಜು ಒಳ್ಳೆಯದು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಶೈಕ್ಷಣಿಕ ಸಾಲ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು, ಎಂಜಿನಿಯರಿಂಗ್‌ನಲ್ಲಿ ಕಡಿಮೆ ಆದಾಯದವರಿಗಿರುವ ಎಸ್‌ಎನ್‌ಕ್ಯೂ ಸೀಟು, ಇವುಗಳ ಬಗ್ಗೆ ಮೊದಲೇ ವಿಚಾರಿಸಿ. ಕಾಲೇಜು ದೂರ ಎಂಬ ಕಾರಣಕ್ಕೆ ಮಗಳ ಓದು ನಿಲ್ಲಿಸುವ ಮುನ್ನ ನೆನಪಿಡಿ: 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ.

ಸಾಧಾರಣ ಅಂಕದವರ ಮನೆಗಳನ್ನೇ ಹುಡುಕಿಕೊಂಡು ಬರುವ ಸೀಟಿನ ದಲ್ಲಾಳಿಗಳಿದ್ದಾರೆ. "ಇವತ್ತೇ ಮುಂಗಡ ಕೊಡಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನರ್ಸಿಂಗ್ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಎಂಜಿನಿಯರಿಂಗ್ ಆದರೆ ಎಐಸಿಟಿಇ ಅನುಮೋದನೆ ಇದೆಯೇ ನೋಡಿ. ಸಂದೇಹವಿದ್ದರೆ ಕಾಲೇಜಿನ ಹೆಸರು ಬರೆದುಕೊಂಡು ನಮ್ಮ ಕಚೇರಿಗೆ ಬನ್ನಿ; ನಾವೇ ಪರಿಶೀಲಿಸಿ ಹೇಳುತ್ತೇವೆ.

6. ಮನೆಯ ವಾತಾವರಣ ಮತ್ತು ರಮಝಾನ್

ಈ ಕೆಲವು ವರ್ಷ ರಮಝಾನ್ ಫೆಬ್ರವರಿ-ಮಾರ್ಚ್‌ಗೆ ಬರುತ್ತಿದೆ. ಪಿಯುಸಿ ಪರೀಕ್ಷೆಯ ಸಮಯವೂ ಅದೇ. ಹಾಗಾಗಿ ಹೊಸ ಪಾಠ ಓದುವುದೆಲ್ಲ ಜನವರಿಯೊಳಗೆ ಮುಗಿಯಬೇಕು. ಉಪವಾಸದ ದಿನಗಳು ಪುನರಾವರ್ತನೆಗೆ ಇರಲಿ. ಸಹರಿಯ ನಂತರದ ಒಂದೂವರೆ ಗಂಟೆ ತಿಳಿಯಾದ ಸಮಯ, ಅದನ್ನು ನಿದ್ದೆಗೆ ಬಿಡಬೇಡಿ, ಮಧ್ಯಾಹ್ನ ಮಲಗಲಿ. ಪರೀಕ್ಷೆ ಬರೆಯುವ ಮಗಳನ್ನು ಆ ತಿಂಗಳು ಇಫ್ತಾರಿನ ಅಡುಗೆಯಿಂದ ಬಿಡುಗಡೆ ಮಾಡಿ. ಅಣ್ಣತಮ್ಮಂದಿರು ಸಮೋಸ ಕರಿದರೆ ಯಾವ ಮರ್ಯಾದೆಯೂ ಹೋಗುವುದಿಲ್ಲ. ಅಂಗಡಿಗೆ ಈದ್ ವ್ಯಾಪಾರದ ಜನ ಬೇಕೆಂದು ಮಗನನ್ನು ಕೂರಿಸುವುದೂ ಬೇಡ.

ಮತ್ತೊಂದು ಮಾತು. ನೆಂಟರ ಮುಂದೆ "ಇವನ ತಲೆಗೆ ಏನೂ ಹತ್ತುವುದಿಲ್ಲ" ಎನ್ನಬೇಡಿ. ಚಿಕ್ಕಪ್ಪನ ಮಗಳ ಅಂಕವನ್ನು ಊಟದ ಹೊತ್ತಿನಲ್ಲಿ ತೆಗೆಯಬೇಡಿ. ತದ್ಬೀರ್ ನಮ್ಮದು, ಫಲ ಅಲ್ಲಾಹನ ಕೈಯಲ್ಲಿ. ಆದರೆ ತದ್ಬೀರ್ ಮಾಡುವ ಮಗುವಿಗೆ ಮನೆಯಲ್ಲಿ ಬೆನ್ನು ತಟ್ಟುವ ಒಂದು ಕೈ ಬೇಕು.

ದಾನಿಗಳ ಗಮನಕ್ಕೆ

"ಪ್ರತಿಭಾವಂತರಿಗೆ ಕೊಡಿ, ಸಾಧಾರಣ ಮಕ್ಕಳಿಗೆ ಏಕೆ?" ಎಂದು ಕೆಲವು ದಾನಿಗಳು ಪ್ರೀತಿಯಿಂದಲೇ ಕೇಳುತ್ತಾರೆ. ನಮ್ಮ ಉತ್ತರ ಹೀಗಿದೆ. ಮೊದಲ ವಹಿ ಓದಿನ ಕುರಿತಾದದ್ದು; ಅದು ಹೆಚ್ಚು ಅಂಕದವರಿಗೆ ಮಾತ್ರ ಎಂದು ಯಾರೂ ಹೇಳಿಲ್ಲ. ಝಕಾತಿಗೆ ಅರ್ಹತೆಯನ್ನು ನಿರ್ಧರಿಸುವುದು ಕುಟುಂಬದ ಸ್ಥಿತಿಯೇ ಹೊರತು ಅಂಕಪಟ್ಟಿಯಲ್ಲ. ಹೆಚ್ಚು ಅಂಕದವರಿಗೆ ಸಹಾಯದ ಕೈಗಳು ಹಲವು; ಶೇ. 55ರ ಮಗಳು ನರ್ಸ್ ಆಗಿ ಮನೆಗೆ ಮೊದಲ ಸಂಬಳ ತಂದರೆ ಆ ಮನೆ ಮುಂದೆ ಝಕಾತ್ ಪಡೆಯುವ ಸಾಲಿನಿಂದ ಕೊಡುವ ಸಾಲಿಗೆ ಬರಬಹುದು. ನಿಮ್ಮ ದಾನ ನಮ್ಮ ಮೂಲಕ ಕೊಳ್ಳುವುದು ಇದನ್ನೇ.

ವಿದ್ಯಾರ್ಥಿವೇತನ ಪ್ರಕಟಣೆ

ಪದವಿ, ಡಿಪ್ಲೊಮಾ, ನರ್ಸಿಂಗ್, ಪ್ಯಾರಾಮೆಡಿಕಲ್ ಮತ್ತು ವೃತ್ತಿಪರ ಕೋರ್ಸುಗಳಿಗೆ ಸೇರುವ ಅರ್ಹ ಕುಟುಂಬಗಳ ಮಕ್ಕಳಿಂದ ಅರ್ಜಿಗಳನ್ನು ಆಹ್ವಾನಿಸಲಾಗಿದೆ. ಪಾಸಾಗಿದ್ದರೆ ಸಾಕು, ಅಂಕದ ಮೇಲ್ಮಿತಿ, ಕೆಳಮಿತಿ ಇಲ್ಲ. ಅರ್ಜಿಯೊಂದಿಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ, ಪ್ರವೇಶದ ರಶೀದಿ ಲಗತ್ತಿಸಬೇಕು. ಮುಂದಿನ ವರ್ಷಗಳ ಕಂತು ಹಾಜರಾತಿ ಮತ್ತು ಪರೀಕ್ಷೆಗೆ ಕೂತ ದಾಖಲೆಯ ಮೇಲೆ ಬಿಡುಗಡೆಯಾಗುತ್ತದೆ. ಪ್ರಥಮ ಪಿಯುಸಿ ಮಕ್ಕಳ ಪೋಷಕರು ಈಗ ಅರ್ಜಿ ಹಾಕಬೇಕಿಲ್ಲ. ಹೆಸರು ನೋಂದಾಯಿಸಿದರೆ ದಾಖಲೆಗಳ ಪರಿಶೀಲನೆಯನ್ನು ನಮ್ಮ ಕಚೇರಿಯಲ್ಲಿ ಉಚಿತವಾಗಿ ಮಾಡಿಕೊಡುತ್ತೇವೆ. ನಮೂನೆ ಮತ್ತು ಕೊನೆಯ ದಿನಾಂಕ ಈ ವರದಿಯ ಕಡೆಯ ಪುಟದಲ್ಲಿದೆ.

ಕೊಟ್ಟವರ ಸಂಪತ್ತಿನಲ್ಲೂ ಓದುವ ಮಕ್ಕಳ ಶ್ರಮದಲ್ಲೂ ಅಲ್ಲಾಹನು ಬರಕತ್ ನೀಡಲಿ. ಆಮೀನ್.

ಶಿಕ್ಷಣ ಸಮಿತಿಯ ಪರವಾಗಿ