ಹಲ್ಲು ಗಟ್ಟಿ, ಹಿಡಿದ ನೆಲ ಸಡಿಲ

ನಮ್ಮ ಧಾರವಾಡ ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಜೋಳದ ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಕೇಳಿದರೆ, ‘ವಯಸ್ಸಾತಲ್ರಿ, ಹಲ್ಲು ಬೀಳೂದ ಸಹಜ’ ಎನ್ನುತ್ತಾರೆ. ಇದು ಪೂರ್ತಿ ನಿಜವಲ್ಲ. ಬಿದ್ದ ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಅನೇಕ ಸಲ ಅದರಲ್ಲಿ ಹುಳುಕೇ ಇರುವುದಿಲ್ಲ. ಹಲ್ಲು ಗಟ್ಟಿಯಾಗಿಯೇ ಇತ್ತು. ಅದನ್ನು ಹಿಡಿದಿದ್ದ ನೆಲ ಸವೆದುಹೋಯಿತು. ಹಾಗೆ ಸವೆಸಿದ್ದು ವಯಸ್ಸಲ್ಲ, ವರ್ಷಗಟ್ಟಲೆ ಲಕ್ಷಿಸದೆ ಬಿಟ್ಟ ವಸಡಿನ ರೋಗ.

ರೋಗ ಬೆಳೆಯುವ ಬಗೆ

ಊಟವಾದ ಮೇಲೆ ಹಲ್ಲಿನ ಬುಡದಲ್ಲಿ ಸೂಕ್ಷ್ಮಾಣುಗಳ ಅಂಟು ಪದರ ಕೂಡುತ್ತದೆ. ದಿನವೂ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಕೆಂಪಾಗಿ ಊದಿ, ಹಲ್ಲುಜ್ಜುವಾಗ ರಕ್ತ ಬರುತ್ತದೆ. 1965ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಜನರ ಹಲ್ಲುಜ್ಜುವಿಕೆಯನ್ನು ನಿಲ್ಲಿಸಿ ನೋಡಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ತೊಡಗಿದಾಗ ಊತ ಇಳಿಯಿತು. ಮೊದಲ ಹಂತದಲ್ಲಿ ಈ ರೋಗ ಪೂರ್ಣ ಗುಣವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆಗ ಲಕ್ಷಿಸದಿದ್ದರೆ ಕೆಲವರಲ್ಲಿ ರೋಗ ಒಳಕ್ಕಿಳಿಯುತ್ತದೆ. ವಸಡು ಹಲ್ಲಿನಿಂದ ಬಿಟ್ಟು ಸಂದಿಯಾಗುತ್ತದೆ. ಬೇರನ್ನು ಹಿಡಿದ ಎಲುಬು ನಿಧಾನವಾಗಿ ಕರಗುತ್ತದೆ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹಲ್ಲು ಅಲುಗಾಡುತ್ತದೆ, ಕೊನೆಗೆ ಬೀಳುತ್ತದೆ.

ಮೂರು ತಪ್ಪು ತಿಳುವಳಿಕೆಗಳು

ಒಂದು: ‘ನೋವಿಲ್ಲ, ಆದ್ದರಿಂದ ರೋಗವಿಲ್ಲ.’ ತರ್ಕದ ದೃಷ್ಟಿಯಿಂದಲೂ ಇದು ಸರಿಯಲ್ಲ. ನೋವು ರೋಗದ ಒಂದು ಲಕ್ಷಣ ಮಾತ್ರ. ಲಕ್ಷಣ ಇಲ್ಲವೆಂದು ಕಾರಣವೂ ಇಲ್ಲವೆನ್ನಲಾಗದು. ಈ ರೋಗ ಬಹುಪಾಲು ನೋವಿಲ್ಲದೆಯೇ ಬೆಳೆಯುತ್ತದೆ.

ಎರಡು: ‘ರಕ್ತ ಬಂದರೆ ಬ್ರಷ್ ಬಿಡಬೇಕು.’ ಬಿಟ್ಟಷ್ಟೂ ಪದರ ಕೂಡಿ ರೋಗ ಹೆಚ್ಚುತ್ತದೆ. ಮೃದುವಾದ ಬ್ರಷ್‌ನಿಂದ ಹಗುರವಾಗಿ ಉಜ್ಜುತ್ತಲೇ ಇರಬೇಕು, ವೈದ್ಯರಿಗೂ ತೋರಿಸಬೇಕು.

ಮೂರು: ‘ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲಾಗುತ್ತವೆ.’ ಕಿಟ್ಟ ತೆಗೆದ ಮೇಲೆ ಅದು ತುಂಬಿದ್ದ ಜಾಗ ಖಾಲಿ ಕಾಣುತ್ತದೆ, ಅಷ್ಟೇ. ಸಡಿಲಿಸಿದ್ದು ಕಿಟ್ಟ, ವೈದ್ಯರಲ್ಲ.

ವಿಶೇಷ ಎಚ್ಚರ ಯಾರಿಗೆ?

ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು; ವಸಡಿನ ರೋಗದಿಂದ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ತಂಬಾಕು ಇನ್ನೂ ಮೋಸದ್ದು. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುವುದರಿಂದ ಎಚ್ಚರಿಕೆಯ ಗಂಟೆಯೇ ಮೊಳಗುವುದಿಲ್ಲ. ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯೂ ವಸಡನ್ನು ಕೆಡಿಸುತ್ತದೆ; ಬಾಯಿಯ ಕ್ಯಾನ್ಸರಿನ ಭಯ ಬೇರೆ. ಗರ್ಭಿಣಿಯರ ವಸಡು ಬೇಗ ಊದುತ್ತದೆ, ಅವರೂ ತೋರಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದುದು

• ದಿನಕ್ಕೆ ಎರಡು ಸಲ, 2 ನಿಮಿಷ ಹಲ್ಲುಜ್ಜಿರಿ. ರಾತ್ರಿಯದನ್ನು ತಪ್ಪಿಸಬೇಡಿರಿ.
• ಹಲ್ಲಿನ ಸಂದಿಗಳನ್ನು ದಾರದಿಂದ ಅಥವಾ ಸಣ್ಣ ಬ್ರಷ್‌ನಿಂದ ಸ್ವಚ್ಛಗೊಳಿಸಿರಿ. ಸೂಜಿ, ಪಿನ್ನು ಬೇಡ.
• ಬ್ರಷ್ಷನ್ನು ಸುಮಾರು 3 ತಿಂಗಳಿಗೊಮ್ಮೆ ಬದಲಿಸಿರಿ.
• ರಕ್ತ, ಬಾಯಿ ವಾಸನೆ, ಕೆಳಗಿಳಿದ ವಸಡು, ಹೊಸದಾಗಿ ಕಂಡ ಸಂದಿ: ಇವುಗಳಲ್ಲಿ ಒಂದಿದ್ದರೂ ದಂತವೈದ್ಯರ ಬಳಿ ಹೋಗಿರಿ.

ಅದಕ್ಕಾಗಿ ನಾವು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವೆ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತ ಕಾಲೇಜಿನಲ್ಲಿ ವಸಡಿನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ಹಿರಿಯರನ್ನು ಕರೆದೊಯ್ಯಲು ಮನೆಯ ಕಿರಿಯರು ಒಂದು ದಿನ ಬಿಡುವು ಮಾಡಿಕೊಂಡರೆ ಸಾಕು. ಉಳಿದಿರುವ ಹಲ್ಲುಗಳನ್ನಾದರೂ ಉಳಿಸಬಹುದು.