ಆಲ್-ವೀಲ್ ಡ್ರೈವ್ ಗಾಡಿ ಪದೇ ಪದೇ ಕೈಕೊಡುತ್ತಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಹಾಗಲವಾಡಿ, ಚೇಳೂರು, ಗುಬ್ಬಿ, ಕುಣಿಗಲ್ ಕಡೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ದುಬಾರಿ ಎಸ್‌ಯುವಿ ಇಟ್ಟುಕೊಂಡವರಿಗೆ, ಅದನ್ನು ಓಡಿಸುವ ಡ್ರೈವರ್‌ಗಳಿಗೆ ಈ ಸೂಚನೆ.

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಭಾಗ), ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್: ಇವುಗಳಲ್ಲಿ ಯಾವುದರ ದೋಷವಾದರೂ ರಿಪೇರಿಯಾದ ಮೇಲೂ ಮರಳಿ ಬಂತೆಂದರೆ ರಿಪೇರಿ ಆಗಿಲ್ಲ ಎಂದೇ ತಿಳಿಯಿರಿ. ಹೆದ್ದಾರಿ ನಡುವೆ ಎಳೆತ ತಪ್ಪಿ ನಿಂತ ಗಾಡಿಗೆ ಹಿಂದಿನ ಲಾರಿ ಗುದ್ದಬಹುದು, ಒಳಗಿದ್ದವರು ಸಾಯಬಹುದು. ಜೀವ ಉಳಿದರೂ ಖರ್ಚು ಲಕ್ಷಗಳಲ್ಲಿ. ಇಂಥ ಗಾಡಿಗಳ ಅಧಿಕೃತ ವರ್ಕ್‌ಶಾಪ್‌ಗಳು ಬಹುಮಟ್ಟಿಗೆ ಇರುವುದು ಬೆಂಗಳೂರಿನಲ್ಲಿ. ಅಲ್ಲಿಗೆ ಮುಟ್ಟಿಸುವ ಮೊದಲು ನೀವು ಏನು ಮಾಡಿದಿರಿ ಎಂಬುದರ ಮೇಲೆ ವಾರಂಟಿಯೂ ನಿಂತಿದೆ, ಮುಂದೆ ಹಾಕಬೇಕಾಗಬಹುದಾದ ಕೇಸೂ ನಿಂತಿದೆ.

ಮಾಡಬೇಕಾದ್ದು

ರಸ್ತೆಯಲ್ಲಿ

ಮೀಟರಿನಲ್ಲಿ ಕೆಂಪು ದೀಪ ಬಂದ ಕೂಡಲೇ ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿ.

ಹಳದಿ ದೀಪ ಬಂದು ಎಳೆತ ಕಡಿಮೆಯಾದರೆ ವೇಗ ಇಳಿಸಿ, ಸುರಕ್ಷಿತ ಜಾಗ ಸಿಕ್ಕಲ್ಲಿ ನಿಲ್ಲಿಸಿ.

ನಾಲ್ಕೂ ಇಂಡಿಕೇಟರ್ ಹಾಕಿ.

ಎಲ್ಲರನ್ನೂ ಕೆಳಗಿಳಿಸಿ ರಸ್ತೆಯಿಂದ ಆಚೆ ಕಳಿಸಿ. ಮಕ್ಕಳನ್ನು ಮೊದಲು.

ಗಾಡಿಯಿಂದ ದೂರ, ಬರುವವರಿಗೆ ಮೊದಲೇ ಕಾಣುವಂತೆ, ಎಚ್ಚರಿಕೆಯ ತ್ರಿಕೋನ ಇಡಿ.

ರಾಷ್ಟ್ರೀಯ ಹೆದ್ದಾರಿ 73 ಅಥವಾ 75ರಲ್ಲಿದ್ದರೆ 1033ಕ್ಕೆ ಫೋನ್ ಮಾಡಿ. ಬೇರೆ ರಸ್ತೆಯಲ್ಲಿ ಅಪಾಯ ಕಂಡರೆ 112.

ಮೀಟರಿನ ಫೋಟೊ ತೆಗೆಯಿರಿ: ಯಾವ ದೀಪ, ಯಾವ ಸಂದೇಶ, ಎಷ್ಟು ಕಿಲೋಮೀಟರ್, ಎಷ್ಟು ಗಂಟೆ.

ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕೇಳಿ ತರಿಸಿ. ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು.

ಮನೆಯಲ್ಲಿ

ರಾತ್ರಿ ಗಾಡಿಯಡಿ ದೊಡ್ಡ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ನಡುಭಾಗದಲ್ಲಿ ಎಣ್ಣೆ ಕಲೆ ಕಂಡರೆ ಗೇರ್‌ಬಾಕ್ಸ್ ಇಲ್ಲವೇ ಟ್ರಾನ್ಸ್‌ಫರ್ ಕೇಸ್ ಸೋರುತ್ತಿರಬಹುದು. ಹಿಂದಿನ ಚಕ್ರಗಳ ನಡುವೆ ಕಂಡರೆ ಡಿಫರೆನ್ಷಿಯಲ್. ರಟ್ಟಿನ ಫೋಟೊ ತೆಗೆದಿಡಿ.

ಖಾಲಿ, ಸಮತಟ್ಟಾದ, ಗಟ್ಟಿ ನೆಲದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿ. ಯಾರೋ ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಂತೆ ಗಾಡಿ ಜಗ್ಗಿದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಬಿಟ್ಟುಕೊಡುತ್ತಿಲ್ಲ. ಪಕ್ಕದಲ್ಲಿ ಕೂತವರಿಂದ ಸದ್ದಿನ ಸಮೇತ ವಿಡಿಯೊ ಮಾಡಿಸಿ.

ನಾಲ್ಕೂ ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿ.

ನಾಲ್ಕೂ ಟೈರಿನ ಬಟನ್ (ನೆಲಕ್ಕೆ ತಾಗುವ ಉಬ್ಬು) ಎಷ್ಟು ಉಳಿದಿದೆ ಎಂದು ಅಳೆಯಿರಿ. ಪದೇ ಪದೇ ಬರುವ ಟ್ರಾನ್ಸ್‌ಫರ್ ಕೇಸ್ ತೊಂದರೆಗೆ ಎಷ್ಟೋ ಸಲ ಇದೇ ಮೂಲ, ಆದರೆ ಮೊದಲು ನೋಡಬೇಕಾದ ಇದನ್ನು ಜನ ಕೊನೆಗೆ ನೋಡುತ್ತಾರೆ. ಲೆಕ್ಕ ಹಾಕಿ: ನಡುವಿನಿಂದ ಅಂಚಿಗೆ 37 ಸೆಂ.ಮೀ. ಇರುವ ಹೊಸ ಟೈರು ಕಿಲೋಮೀಟರಿಗೆ ಸುಮಾರು 430 ಸುತ್ತು ಸುತ್ತುತ್ತದೆ. 3 ಮಿ.ಮೀ. ಸವೆದ ಟೈರು ಅದೇ ದೂರಕ್ಕೆ ಮೂರೂವರೆ ಸುತ್ತು ಹೆಚ್ಚು ಸುತ್ತಬೇಕು. 100 ಕಿ.ಮೀ. ಓಡಿದರೆ 350 ಸುತ್ತಿನ ವ್ಯತ್ಯಾಸ. ಆ ವ್ಯತ್ಯಾಸವನ್ನೆಲ್ಲ ಟ್ರಾನ್ಸ್‌ಫರ್ ಕೇಸಿನ ಒಳಗಿನ ಕ್ಲಚ್ ಪ್ಲೇಟುಗಳು ಉಜ್ಜಿ ಉಜ್ಜಿ ನುಂಗಬೇಕು, ಕಾಯಬೇಕು, ಸವೆಯಬೇಕು. ನಿಮ್ಮ ಗಾಡಿಗೆ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ.

ಟೈರ್ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ, ಒಂದೇ ಕಂಪನಿಯದು, ಒಂದೇ ಅಳತೆಯದು ಹಾಕಿಸಿ.

ಕೋಡಿ ಬಿದ್ದ ಕೆರೆಯ ನೀರಿನಲ್ಲಿ ಗಾಡಿ ಇಳಿದಿದ್ದರೆ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಪರೀಕ್ಷೆ ಮಾಡಿಸಿ. ಇವುಗಳ ಕಾದ ಹೌಸಿಂಗ್ (ಹೊರಕವಚ) ತಣ್ಣೀರಿಗೆ ಇಳಿದಾಗ ಬ್ರೀದರ್ (ಗಾಳಿಕಂಡಿ) ಮೂಲಕ, ಸೀಲ್ ಮೂಲಕ ನೀರನ್ನು ಒಳಗೆ ಸೇದುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ಕಿಲೋಮೀಟರ್, ವೇಗ, ಗೇರು, ಏರೋ ಇಳಿಜಾರೋ, ಇಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ ಬರೆಯಿರಿ.

ವರ್ಕ್‌ಶಾಪಿನಲ್ಲಿ

ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿಗೆ ಬರೆಸಿ. ‘ಸಾಮಾನ್ಯ ತಪಾಸಣೆ’ ಎಂದು ಬರೆದಿದ್ದರೆ ತಿದ್ದಿಸಿ.

‘ಇದೇ ದೂರು ಹಿಂದೆಯೂ ಬಂದಿತ್ತು’ ಎಂಬ ಸಾಲನ್ನು ಹಳೆಯ ಜಾಬ್ ಕಾರ್ಡಿನ ನಂಬರ್ ಸಮೇತ ಸೇರಿಸಲು ಹೇಳಿ.

ಕಂಪ್ಯೂಟರಿನಲ್ಲಿರುವ ಫಾಲ್ಟ್ ಕೋಡ್ ಅಳಿಸುವ ಮೊದಲು ಪೂರ್ತಿ ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ತೆಗೆದುಕೊಳ್ಳಿ.

ಮೆಕ್ಯಾನಿಕ್ಕನ್ನು ಪಕ್ಕ ಕೂರಿಸಿಕೊಂಡು, ತೊಂದರೆ ಬರುವ ವೇಗದಲ್ಲಿ, ತೊಂದರೆ ಬರುವಂಥ ತಿರುವಿನಲ್ಲಿ ಓಡಿಸಿ ತೋರಿಸಿ. ವರ್ಕ್‌ಶಾಪಿನ ಸುತ್ತ ಒಂದು ರೌಂಡು ಸಾಲದು.

ಬದಲಿಸಿದ ಭಾಗವನ್ನು ಕಣ್ಣಾರೆ ನೋಡಿ, ಫೋಟೊ ತೆಗೆಯಿರಿ. ವಾರಂಟಿಯಲ್ಲಿ ಬದಲಿಸಿದ್ದನ್ನು ಅವರು ಕೊಡದೆ ಇರಬಹುದು, ತೋರಿಸಲು ಮಾತ್ರ ಕೇಳಲೇಬೇಕು.

‘ಈ ಎಣ್ಣೆ ಜೀವನಪೂರ್ತಿ ಬರುತ್ತದೆ’ ಎಂದರೆ ಹಾಗಂತ ಬರೆದುಕೊಡಿ ಎನ್ನಿ.

17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆಸುವುದು) ಬಾಕಿ ಇದೆಯೇ ಎಂದು ಇಮೇಲಿನಲ್ಲಿ ಕೇಳಿ.

ದೋಷ ನಿಲ್ಲದಿದ್ದರೆ

ಡೀಲರಿಗೂ ತಯಾರಕ ಕಂಪನಿಗೂ ಬೇರೆ ಬೇರೆಯಾಗಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ.

ಗಾಡಿಗೆ ಏಳು ವರ್ಷ ತುಂಬಿರದಿದ್ದರೆ ಕೇಂದ್ರ ಸಾರಿಗೆ ಇಲಾಖೆಯ ರೀಕಾಲ್ ವ್ಯವಸ್ಥೆಗೂ ದೂರು ಕೊಡಿ. ಒಂದೇ ಮಾದರಿಯ ಮೇಲೆ ನಿಗದಿತ ಸಂಖ್ಯೆಯ ದೂರು ಸೇರಿದರೆ ಸರ್ಕಾರವೇ ರೀಕಾಲ್‌ಗೆ ಆದೇಶಿಸುವ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಸರಿಯಾದ ಗ್ರಾಹಕ ಆಯೋಗಕ್ಕೆ ಹೋಗಿ. ಗಾಡಿಗೆ ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ತುಮಕೂರಿನ ಜಿಲ್ಲಾ ಆಯೋಗ, ಅದನ್ನು ಮೀರಿ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನ ಆಧಾರದ ಮೇಲೂ ದೂರು ಕೊಡಬಹುದು, ಷೋರೂಮ್ ಎಲ್ಲೇ ಇರಲಿ.

ತಯಾರಿಕೆಯ ದೋಷವೆಂದು ಸಾಧಿಸಲು ತಜ್ಞರ ಪರೀಕ್ಷೆಗೆ ಆಯೋಗವನ್ನು ಕೇಳಿ.

ಗಾಡಿ ಕಂಪನಿ ಹೆಸರಿನಲ್ಲಿದ್ದರೂ ದೂರು ಕೊಡಿ. ನಿರ್ದೇಶಕರ ಸ್ವಂತ ಓಡಾಟಕ್ಕೆ ಕೊಂಡ ಕಾರು ವಾಣಿಜ್ಯ ಉದ್ದೇಶದ್ದಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ಅದೇ ತಿಂಗಳು ಅದೇ ಕೋರ್ಟಿನಿಂದ ಬಂದ ಇನ್ನೊಂದು ಆದೇಶವನ್ನೂ ತಿಳಿದಿರಿ. ಜಿವಿಆರ್ ಇನ್‌ಫ್ರಾ ಎಂಬ ಸಂಸ್ಥೆ 2009ರ ಸೆಪ್ಟೆಂಬರ್ 25ರಂದು ಕೊಂಡ ಬಿಎಂಡಬ್ಲ್ಯು 7 ಸರಣಿಯ ಕಾರು ನಾಲ್ಕೇ ದಿನಕ್ಕೆ ಕೆಟ್ಟಿತು, ನವೆಂಬರಿನಲ್ಲಿ ಮತ್ತೆ ಕೆಟ್ಟಿತು. ಹೊಸ ಕಾರು ಕೊಡಲು ಕಂಪನಿ 2012ರಲ್ಲಿ ಮುಂದೆ ಬಂದಿತ್ತು, ಕೊಂಡವರು ಒಪ್ಪಲಿಲ್ಲ. ಕಂಪನಿ 50 ಲಕ್ಷ ಕೊಡಬೇಕೆಂಬ ಕೊನೆಯ ಆದೇಶ ಬಂದದ್ದು 2024ರಲ್ಲಿ.

ಮಾಡಬಾರದ್ದು

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಶಾಫ್ಟೂ ತಿರುಗುತ್ತದೆ. ಇಂಜಿನ್ ಆರಿರುವಾಗ ಗೇರ್‌ಬಾಕ್ಸಿನೊಳಗೆ ಎಣ್ಣೆ ಓಡುವುದಿಲ್ಲ, ಇನ್ನೂ ಉಳಿದಿದ್ದ ಭಾಗವೂ ಸುಡುತ್ತದೆ.

ಎರಡು ಚಕ್ರ ಎತ್ತಿ ಎಳೆಯುವ ಕ್ರೇನ್ ಬೇಡ.

ಆಫ್ ಮಾಡಿ ಆನ್ ಮಾಡಿದಾಗ ದೀಪ ಹೋಯಿತೆಂದು ಬೆಂಗಳೂರಿಗೆ ಹೊರಡಬೇಡಿ.

ಕೆಟ್ಟ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಬಾರದು. ಹಾಗೆ ಓಡಿಸಿ ಹೆಚ್ಚಾದ ಹಾನಿಯನ್ನು ವಿಮೆ ಭರಿಸುವುದಿಲ್ಲವೆಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಬರೀ ಯಾಂತ್ರಿಕ ದೋಷವನ್ನೂ ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ.

ಪಂಚರ್ ಅಂಗಡಿಯಲ್ಲಿ ಒಂದೇ ಒಂದು ಹೊಸ ಟೈರ್ ಹಾಕಿಸಿಕೊಳ್ಳಬೇಡಿ.

ಸಣ್ಣ ಸ್ಟೆಪ್ನಿ ಹಾಕಿಕೊಂಡು ದೂರ ಹೋಗುವುದು ಬೇಡ. ಅದರ ಮೇಲೆ ಬರೆದಿರುವ ವೇಗ ಮೀರಬಾರದು.

ಸಿಕ್ಕ ಗೇರ್ ಆಯಿಲ್ ಸುರಿಸಬೇಡಿ. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಬೇರೆ, ಡಿಫರೆನ್ಷಿಯಲ್ ಎಣ್ಣೆ ಬೇರೆ.

ಒಂದು ಕಡೆಯ ಶಾಫ್ಟ್ ಬಿಚ್ಚಿಸಿ ಟೂ-ವೀಲ್ ಮಾಡಿಕೊಂಡು ಓಡಿಸಬಾರದು.

ಊರಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ ಕೋಡ್ ಅಳಿಸಬೇಡಿ. ಕೋಡಿನ ಜೊತೆಗೆ ನಿಮ್ಮ ಸಾಕ್ಷಿಯೂ ಹೋಗುತ್ತದೆ.

ವಾರಂಟಿ ಇರುವಾಗ ಹೌಸಿಂಗ್ ಬಿಚ್ಚಲು ಹೊರಗಿನವರಿಗೆ ಬಿಡಬೇಡಿ.

ಹರಿಯುವ ನೀರಿನ ಆಳ ಕಾಣದಿದ್ದರೆ ಇಳಿಯಬೇಡಿ. ನಾಲ್ಕು ಚಕ್ರದ ಎಳೆತವಿದ್ದರೂ ನೀರು ಗಾಡಿಯನ್ನು ಕೊಚ್ಚುತ್ತದೆ.

‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ, ಸರಿಹೋಗುತ್ತದೆ’ ಎಂಬ ಬಾಯಿಮಾತು ನಂಬಿ ಬರಬೇಡಿ. ಏನು ಬದಲಾಯಿತು ಎಂಬುದು ಬಿಲ್ಲಿನಲ್ಲಿರಬೇಕು.

ಓಡಿಸಿ ನೋಡದೆ ‘ತೃಪ್ತಿಯಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ.

ಕಂಪನಿ ಲಿಖಿತವಾಗಿ ಕೊಟ್ಟ ಪರಿಹಾರವನ್ನು ವಕೀಲರಿಗೆ ತೋರಿಸದೆ ಒಪ್ಪುವುದೂ ಬೇಡ, ತಳ್ಳುವುದೂ ಬೇಡ.

ದೋಷ ಮುಚ್ಚಿಟ್ಟು ಗಾಡಿ ಮಾರಬಾರದು.

ಇನ್ನೊಂದು ಸಲ ನೋಡೋಣ ಎಂದು ಎರಡು ವರ್ಷ ದಾಟಿಸಬೇಡಿ. ಗ್ರಾಹಕ ಆಯೋಗಕ್ಕೆ ಹೋಗಲು ದೂರಿನ ಕಾರಣ ಹುಟ್ಟಿದ ದಿನದಿಂದ ಇರುವ ಗಡುವು ಅಷ್ಟೇ.