ನೆಲಹಾಸಿನ ಎಳೆಗಳು: ಗುಣ, ತೂಕ ಮತ್ತು ಬೆಲೆ

ಕೆರೂರ, ಗುಳೇದಗುಡ್ಡ, ಇಳಕಲ್ ಭಾಗದ ವರ್ತಕರಿಗೆ ನೂಲಿನ ವ್ಯವಹಾರ ಹೊಸದಲ್ಲ. ಆದರೆ ನೆಲಹಾಸಿನ ಸರಕಿನಲ್ಲಿ ಕಿಲೋ ದರವೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎಳೆಯ ಗುಣಧರ್ಮವನ್ನೂ ಪರಿಗಣಿಸಬೇಕು.

ಹತ್ತಿ: ನವಲಗುಂದದ ಜಮಖಾನೆಯ ಮೂಲವಸ್ತು. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಒಗೆಯಲು ಸುಲಭ. ತೇವದಲ್ಲಿ ಬೂಷ್ಟು ಹಿಡಿಯುತ್ತದೆ.

ಉಣ್ಣೆ: ತುಳಿದರೂ ಮತ್ತೆ ಪುಟಿದೇಳುತ್ತದೆ, ಬೆಂಕಿ ಬೇಗ ಹತ್ತದು, ನುಸಿಯ ಭಯವುಂಟು. ನಮ್ಮ ದಖನಿ ಕುರಿಯ ಉಣ್ಣೆ ಒರಟಾದ್ದರಿಂದ ಕಂಬಳಿಗೆ ಒಪ್ಪುತ್ತದೆ.

ನೈಲಾನ್: ಸವೆತವನ್ನು ಚೆನ್ನಾಗಿ ತಾಳುತ್ತದೆ. ಜನಸಂಚಾರ ಹೆಚ್ಚಿರುವ ಕಚೇರಿಗಳಿಗೆ ಯೋಗ್ಯ.

ಪಾಲಿಪ್ರೊಪಿಲಿನ್: ಅಗ್ಗ, ಹಗುರ, ನೀರು ಹೀರದು. ಆದರೆ ತುಳಿದಲ್ಲಿ ಚಪ್ಪಟೆಯಾಗುತ್ತದೆ. ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.

ಇನ್ನು ತೂಕದ ವಿಚಾರ. 100 ಕಿಲೋ ಒಣ ಎಳೆಯು ಸಾಮಾನ್ಯ ಹವೆಯಲ್ಲಿ ಹೀರಿಕೊಳ್ಳುವ ತೇವಾಂಶ ಸ್ಥೂಲವಾಗಿ ಹೀಗಿದೆ: ಉಣ್ಣೆ 16 ಕಿಲೋ, ಹತ್ತಿ 8.5, ನೈಲಾನ್ 4, ಪಾಲಿಪ್ರೊಪಿಲಿನ್ ಬಹುತೇಕ ಶೂನ್ಯ. ಮಳೆಗಾಲದಲ್ಲಿ ಇದು ಏರುತ್ತದೆ.

ಉದಾಹರಣೆಗೆ, 116 ಕಿಲೋ ತೂಗಬೇಕಾದ ಉಣ್ಣೆ ತೇವದಿಂದ 120 ಕಿಲೋ ತೂಗಿತೆನ್ನೋಣ. ಕಿಲೋಗೆ 200 ರೂಪಾಯಿಯಂತೆ ಖರೀದಿದಾರನು 800 ರೂಪಾಯಿಗಳನ್ನು ಕೇವಲ ನೀರಿಗೆ ತೆತ್ತಂತಾಯಿತು. ವರ್ಷಾಂತ್ಯದಲ್ಲಿ ಸರಕು ಒಣಗಿ ತೂಕ ಇಳಿದಾಗ ದಾಸ್ತಾನಿನಲ್ಲಿ ಕೊರತೆ ಕಾಣುತ್ತದೆ. ಗುಮಾಸ್ತನ ಮೇಲೆ ವೃಥಾ ಸಂಶಯ ಬರುತ್ತದೆ.

ಆದುದರಿಂದ ಬಿಲ್ಲಿನಲ್ಲಿ ಎಳೆಯ ಹೆಸರು, ಮಿಶ್ರಣದ ಪ್ರಮಾಣ ಹಾಗೂ ಒಪ್ಪಿದ ತೇವಾಂಶವನ್ನು ತಪ್ಪದೆ ನಮೂದಿಸಿಕೊಳ್ಳಿರಿ. ಗ್ರಾಹಕನಿಗೆ ಬೆಲೆ ಹೇಳುವಾಗ ಬಾಳಿಕೆಯ ವರ್ಷಗಳಿಂದ ಭಾಗಿಸಿ ತೋರಿಸಿರಿ. ಅಗ್ಗದ ಹಾಸು ಎಷ್ಟೋ ಸಲ ತುಟ್ಟಿಯಾಗಿರುತ್ತದೆ.